ಅಳತೆ ನೋಡದ ಬೆಲ್ಟು ಆಯಿಯನ್ನು ಕೆಡವುತ್ತದೆ

ಹೊರ್ತಿಯಲ್ಲಿ ಸೋಲಾಪುರ ಬಸ್ಸಿಗೆ ಕಾಯುವಾಗ ಒಮ್ಮೆ ಹಿರಿಯರ ಕಾಲು ನೋಡ್ರಿ. ಮೊಣಕಾಲಿಗೆ ಹಾಕಿದ ಬೆಲ್ಟು ಜಾರಿ ಮೀನಖಂಡಕ್ಕೆ ಬಂದಿರುತ್ತದೆ. ಬಸ್ಸಿನ ಮೆಟ್ಟಿಲೇರುವಾಗ ಆಯಿಯ ಒಂದು ಕೈ ಕಂಬಿ ಮೇಲೆ, ಇನ್ನೊಂದು ಬೆಲ್ಟಿನ ಮೇಲೆ. ಬೀಳಬಾರದೆಂದು ಹಾಕಿದ್ದೇ ಬೀಳಿಸುವ ಸಾಮಾನಾಗಿದೆ.

ತಪ್ಪು ಆಯಿಯದಲ್ಲ. ಮಗ ಮೆಡಿಕಲ್‌ಗೆ ಹೋಗಿ ಬೆಲ್ಟು ಕೇಳುತ್ತಾನೆ, ಅಂಗಡಿಯವರು ಇದ್ದದ್ದು ಕೊಡುತ್ತಾರೆ. ಕಾಲಿನ ಸುತ್ತಳತೆ ಎಷ್ಟು ಇಂಚು? ಇವನಿಗೆ ಗೊತ್ತಿಲ್ಲ, ಅವರು ಕೇಳುವುದಿಲ್ಲ. ಸಡಿಲಾದರೆ ಜಾರುತ್ತದೆ. ಬಿಗಿಯಾದರೆ ಕಾಲು ಜೋಮು ಹಿಡಿದು ಬಾವು ಬರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಚರ್ಮ ಉಜ್ಜಿ ಗಾಯವಾದರೂ ಬೇಗ ತಿಳಿಯುವುದಿಲ್ಲ. ಇದರ ಮೇಲೆ ಮೊಬೈಲಿನಲ್ಲಿ ವಾರದಲ್ಲೇ ನೋವು ಮಾಯ ಎನ್ನುವ ಜಾಹೀರಾತು ಬೇರೆ. ನಂಬಬೇಡ್ರಿ. ಸವೆದ ಕೀಲನ್ನು ಯಾವ ಬೆಲ್ಟೂ ಮತ್ತೆ ಬೆಳೆಸುವುದಿಲ್ಲ. ಸರಿಯಾಗಿ ಕೂತರೆ ನಡೆಯುವಾಗ ಆಸರೆ ಆಗುತ್ತದೆ, ಕೆಲವರಿಗೆ ನೋವು ತಗ್ಗುತ್ತದೆ, ಅಷ್ಟೇ. ತೊಡೆಗೆ ಬಲ ತರುವ ವ್ಯಾಯಾಮ ಜೊತೆಗೆ ಬೇಕೇ ಬೇಕು.

ಸರ್ಕಾರಕ್ಕೆ ಇದು ಗೊತ್ತಿಲ್ಲವೇ? ಗೊತ್ತಿದೆ. 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ 60 ದಾಟಿದ ಬಿಪಿಎಲ್ ಹಿರಿಯರಿಗೆ, ಇಲ್ಲವೇ ತಿಂಗಳ ಆದಾಯ 15,000 ರೂಪಾಯಿ ಮೀರದವರಿಗೆ, ಊರುಗೋಲು, ವಾಕರ್, ಕನ್ನಡಕ ಪುಕ್ಕಟೆ. ಆಮೇಲೆ ಮೊಣಕಾಲಿನ ಬೆಲ್ಟನ್ನೂ ಸೇರಿಸಿದರು. ಕೊಡುವ ಕೆಲಸ ಕಾನ್ಪುರದ ಅಲಿಮ್ಕೋ ಸಂಸ್ಥೆಯದು. ನಮ್ಮ ತಕರಾರು ಕೊಡುವ ರೀತಿಯ ಮೇಲೆ. ಮೊದಲು ತಪಾಸಣೆ ಶಿಬಿರ, ಆಮೇಲೆ ವಿತರಣೆ ಶಿಬಿರ. ನಡೆಯಲಾಗದವರನ್ನು ಎರಡು ಸಲ ನಡೆಸಿ ನಡೆಯುವ ಸಾಧನ ಕೊಡುವುದು ಯಾವ ನ್ಯಾಯ? ವೇದಿಕೆ, ಶಾಲು, ಫೋಟೊ ಮುಗಿದ ಮೇಲೆ ಬೆಲ್ಟು ಸರಿ ಕೂತಿತೇ ಎಂದು ನೋಡಲು ಮನೆತನಕ ಬರುವವರು ಯಾರು?

ಹೊಸ ಹುದ್ದೆ ಬೇಡ. ಪಂಚಾಯ್ತಿ ಮಟ್ಟದಲ್ಲಿ ಅಂಗವಿಕಲರ ಕೆಲಸ ನೋಡಲು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರನ್ನು ನಡೆಸುವ ಇಲಾಖೆಯ ಹೆಸರಿನಲ್ಲೇ ಹಿರಿಯ ನಾಗರಿಕರೂ ಇದ್ದಾರೆ. ಅವರ ಕೈಗೆ ಒಂದು ಟೇಪು ಕೊಡ್ರಿ, ಫಿಜಿಯೋಥೆರಪಿಸ್ಟರಿಂದ ಒಂದು ದಿನ ತರಬೇತಿ ಕೊಡಿಸ್ರಿ, ಗೌರವಧನವನ್ನೂ ಹೆಚ್ಚಿಸ್ರಿ. ಮನೆಬಾಗಿಲಲ್ಲೇ ಅಳತೆ ಆಗಲಿ, ತಿಂಗಳ ನಂತರ ಮತ್ತೊಮ್ಮೆ ನೋಡಲಿ.

ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಬರೆದು ಕೊಡುತ್ತೇವೆ. ನೀವೂ ನಿಮ್ಮೂರಲ್ಲಿ ಕೇಳ್ರಿ. ಹಿರಿಯರ ಸಹಾಯವಾಣಿ 14567, ಕರೆಗೆ ದುಡ್ಡಿಲ್ಲ. ಅಲ್ಲಿತನಕ ಅಂಗಡಿಗೆ ಹೋಗುವ ಮಗ ಆಯಿಯ ಮೊಣಕಾಲಿಗೆ ಒಂದು ದಾರ ಸುತ್ತಿ, ಆ ಅಳತೆ ಹಿಡಿದೇ ಹೋಗಲಿ.