ತಂಡವನ್ನು ಬದಲಿಸುವ ಹುಡುಗರು

ತುಂಗಭದ್ರೆಯ ಎಡದಂಡೆಯ ಕಾಲುವೆಗೆ ನೀರು ಬಂದೊಡನೆ ಸಿಂಧನೂರು ಸೀಮೆಯಲ್ಲಿ ಭತ್ತದ ನಾಟಿಯು ಮೊದಲಾಗುವುದಷ್ಟೆ. ಹೆಚ್ಚುಕಡಿಮೆ ಆ ದಿನಗಳಲ್ಲಿಯೇ ಕಾಲೇಜುಗಳ ಪ್ರವೇಶದ ಗಡಿಬಿಡಿಯೂ ನಡೆಯುವುದು. ಹಾಕಿಯನ್ನೋ ಕಬಡ್ಡಿಯನ್ನೋ ಚೆನ್ನಾಗಿ ಆಡುವ ಹುಡುಗನನ್ನು ಮಸ್ಕಿಯಿಂದ ಲಿಂಗಸುಗೂರಿಗೆ, ಲಿಂಗಸುಗೂರಿನಿಂದ ಸಿಂಧನೂರಿಗೆ, ಅಥವಾ ಇನ್ನೂ ದೂರದ ಪಟ್ಟಣಕ್ಕೆ ಸೇರಿಸಿದರೆ ಅವನ ಆಟಕ್ಕೆ ಕಳೆಯೇರೀತೆಂದು ತಂದೆತಾಯಿಗಳು ಆಲೋಚಿಸುವುದು ಸಹಜವೇ ಸರಿ. ಈ ವಿಷಯದಲ್ಲಿ ಗೃಹಸ್ಥರೊಡನೆ ನಾವು ಎರಡು ಮಾತನಾಡಬೇಕೆಂದಿರುವೆವು.

ಹಾಕಿಯು ಹನ್ನೊಂದು ಮಂದಿಯ ಆಟ. ಚೆಂಡು ತನ್ನ ಬಳಿಗೆ ಬರುವ ಮೊದಲೇ ಜೊತೆಗಾರನು ಎಲ್ಲಿರುವನೆಂಬುದು ಆಟಗಾರನಿಗೆ ತಿಳಿದಿರಬೇಕು. ಈ ತಿಳಿವು ಉಪದೇಶದಿಂದ ಬರತಕ್ಕುದಲ್ಲ. ಅಭ್ಯಾಸದಿಂದಲೂ ಸಹವಾಸದಿಂದಲೂ ಬರತಕ್ಕುದು. ಹೊಸಬನು ಎಷ್ಟೇ ಚತುರನಾಗಿರಲಿ, ಅವನು ಕಾಲಿಟ್ಟೊಡನೆ ಹಳಬರ ಕಟ್ಟು ತುಸು ಸಡಿಲುವುದು. ಅವನಿಗಾಗಿ ಸ್ಥಾನವನ್ನು ಬಿಟ್ಟವನ ಮನಸ್ಸು ಮುದುಡಿಕೊಂಡರೆ, ಚೆಂಡು ಹೊಸಬನತ್ತ ಬರುವುದೇ ಅಪರೂಪವಾದೀತು. ಅವನು ತೊರೆದುಬಂದ ತಂಡದಲ್ಲಿಯೂ ಒಂದು ತೆರವು ಉಳಿಯುವುದು.

ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಹಾಕಿಯ ಹಬ್ಬದಲ್ಲಿ ಒಂದೊಂದು ತಂಡವೂ ಒಂದೊಂದು ಮನೆತನವೇ ಆಗಿದೆ. ಅಲ್ಲಿ ಬಾಂಧವ್ಯವು ಹುಟ್ಟಿನಿಂದಲೇ ಒದಗಿರುವುದು. ಕಾಲೇಜಿನ ತಂಡವಾದರೋ ಅದನ್ನು ಸಂಪಾದಿಸಿಕೊಳ್ಳಬೇಕು.

ಹಾಗಾದರೆ ಸ್ಥಾನಾಂತರವೇ ಅನರ್ಥವೆ? ಅಲ್ಲ. 1936ರಲ್ಲಿ ಬರ್ಲಿನ್ನಿನ ಒಲಿಂಪಿಕ್ ಕ್ರೀಡೆಗಳಿಗೆ ಮುನ್ನ ನಡೆದ ಅಭ್ಯಾಸದ ಪಂದ್ಯದಲ್ಲಿ ಜರ್ಮನಿಯು ಭಾರತವನ್ನು 4-1ರಿಂದ ಸೋಲಿಸಿತು. ಆಗ ಧ್ಯಾನಚಂದರ ನಾಯಕತ್ವದ ತಂಡವು ದಾರಾ ಎಂಬ ಆಟಗಾರರನ್ನು ಕಳುಹಿಸಬೇಕೆಂದು ಸ್ವದೇಶಕ್ಕೆ ತಂತಿ ಕೊಟ್ಟಿತು. ಅವರು ಸೆಮಿಫೈನಲ್ ಪಂದ್ಯದ ಹೊತ್ತಿಗೆ ಬಂದು ಕೂಡಿದರು. ಭಾರತವು ಫ್ರಾನ್ಸನ್ನು 10-0ರಿಂದಲೂ, ಆಗಸ್ಟ್ 15ರಂದು ಅದೇ ಜರ್ಮನಿಯನ್ನು 8-1ರಿಂದಲೂ ಗೆದ್ದಿತು. ದಾರಾ ತಡವಾಗಿ ಬಂದರೂ ತಂಡಕ್ಕೆ ಹೊರೆಯಾಗಲಿಲ್ಲ. ತಂಡವೇ ಬೇಕೆಂದು ಬಯಸಿ ಕರೆಯಿಸಿಕೊಂಡವರು ಅವರು.

ಆದುದರಿಂದ ಮಗನನ್ನು ಸಾಗಿಸುವ ಮೊದಲು ಅವನನ್ನು ಕರೆಯುತ್ತಿರುವವರು ಯಾರೆಂದು ವಿಚಾರಿಸಿರಿ. ತಂಡದ ಹುಡುಗರಿಗೆ ಅವನು ಬೇಕಾಗಿರುವನೋ, ಇಲ್ಲವೆ ಮೇಲಿನವರಿಗೆ ಈ ವರ್ಷದ ಬಹುಮಾನ ಮಾತ್ರ ಬೇಕಾಗಿರುವುದೋ? ಸಾಗಿಸಿದಮೇಲೆ ಮೊದಲ ತಿಂಗಳಿನಲ್ಲಿಯೇ ಗೋಲುಗಳ ಲೆಕ್ಕವನ್ನು ಕೇಳಬೇಡಿರಿ. ಕಿತ್ತು ನೆಟ್ಟ ಸಸಿಯು ಕೆಲವು ದಿನ ಬಾಡಿದಂತೆ ಕಾಣುವುದನ್ನು ಕಂಡು ಯಾವ ರೈತನೂ ಅದನ್ನು ಮತ್ತೆ ಕೀಳುವುದಿಲ್ಲ. ತನ್ನಿಂದ ಸ್ಥಾನ ಕಳೆದುಕೊಂಡವನೊಡನೆ ಮೊದಲು ಸ್ನೇಹ ಬೆಳೆಸುವಂತೆ ಮಗನಿಗೆ ಬುದ್ಧಿ ಹೇಳಿರಿ. ಆ ಹುಡುಗನು ಮನಸ್ಸಿಟ್ಟು ಚೆಂಡನ್ನು ಇವನಿಗೆ ದಾಟಿಸಿದ ದಿನ ಇವನು ಆ ತಂಡದವನಾದನೆಂದು ತಿಳಿಯಬಹುದು.