ಪಾತ್ರಕ್ಕೆ ಬೆಲೆ ಕಟ್ಟುವ ಮೊದಲು ಕಂಠವನ್ನು ಕೇಳಿ

ನಮ್ಮ ದಂಡಿನಶಿವರದ ಸುತ್ತಮುತ್ತ ಯಾವ ಊರಿಗೆ ಹೋದರೂ, ರಾಗಿಯ ಕಣ ಮುಗಿದು ಜಾತ್ರೆಗಳು ಆರಂಭವಾಗುವ ಹೊತ್ತಿಗೆ ಒಂದಾದರೂ ಪೌರಾಣಿಕ ನಾಟಕದ ಕರಪತ್ರ ಕೈಗೆ ಬರುತ್ತದೆ. ಬಹುಪಾಲು ಅದು ‘ಕುರುಕ್ಷೇತ್ರ’ವೇ ಆಗಿರುತ್ತದೆ. ಕರಪತ್ರದಲ್ಲಿ ಪಾತ್ರಧಾರಿಗಳ ಹೆಸರುಗಳ ಸಾಲು, ಅದರ ಕೆಳಗೆ ಸೀನರಿಯವರ ಹೆಸರು, ಹಾರ್ಮೋನಿಯಂ ಮೇಷ್ಟ್ರ ಹೆಸರು. ಇದನ್ನು ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರ ಹೆಸರುಗಳನ್ನೂ ನಾನು ಅಂತಹ ಕರಪತ್ರಗಳಲ್ಲಿ ಕಂಡು ಸಂತೋಷಪಟ್ಟಿದ್ದೇನೆ. ಆದರೆ ಆ ಸಾಲಿನಲ್ಲಿ ಯಾರ ಹೆಸರು ಎಲ್ಲಿ ಬರಬೇಕೆಂಬುದು ಹೇಗೆ ನಿರ್ಧಾರವಾಗುತ್ತದೆ ಎಂಬ ವಿಷಯದಲ್ಲಿ ನನಗೊಂದು ಅಭಿಪ್ರಾಯವಿದೆ. ಅದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ದೂರದ ಊರುಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮಕ್ಕಳಿಗೆ ಇದು ವಿಚಿತ್ರವೆನಿಸಬಹುದು. ನಮ್ಮ ಕಡೆಯ ಪೌರಾಣಿಕ ನಾಟಕಗಳಲ್ಲಿ ನಟನಿಗೆ ಸಂಭಾವನೆ ಇರುವುದಿಲ್ಲ. ನಟನೇ ಹಣ ಕೊಡುತ್ತಾನೆ. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಭೀಮನಿಗೆ, ಕರ್ಣನಿಗೆ, ಶಕುನಿಗೆ ಇಷ್ಟಿಷ್ಟು ಎಂದು ಮೊದಲೇ ಗೊತ್ತುಪಡಿಸುತ್ತಾರೆ. ವಿದುರ, ಸಾತ್ಯಕಿಗಳದು ಕಡಿಮೆ ದರ. ಕೃಷ್ಣನಾಗಲು ಇಬ್ಬರು ಹಣ ಹಿಡಿದು ನಿಂತರೆ, ಒಂದು ಭಾಗಕ್ಕೆ ಒಬ್ಬ ಕೃಷ್ಣ, ಇನ್ನೊಂದು ಭಾಗಕ್ಕೆ ಇನ್ನೊಬ್ಬ ಕೃಷ್ಣ. ಕೆಲವೆಡೆ ದೊಡ್ಡ ಪಾತ್ರಗಳಿಗೆ ಹರಾಜಿನಂತೆ ಕೂಗುವುದೂ ಉಂಟು.

ಈ ಪದ್ಧತಿಯನ್ನು ನಗರದವರಂತೆ ನಾನು ಹಾಸ್ಯ ಮಾಡಲಾರೆ. ಅದರ ಹಿಂದೆ ಒಂದು ಲೆಕ್ಕಾಚಾರವಿದೆ. ಸೀನರಿ, ದೀಪ, ಧ್ವನಿವರ್ಧಕ, ವೇಷಭೂಷಣಗಳನ್ನು ಬಾಡಿಗೆಗೆ ತರಬೇಕು. ದ್ರೌಪದಿ, ಕುಂತಿ, ರುಕ್ಮಿಣಿಯರ ಪಾತ್ರಕ್ಕೆ ವೃತ್ತಿ ಕಲಾವಿದೆಯರನ್ನು ಕರೆಸಬೇಕು. ತಿಂಗಳುಗಟ್ಟಲೆ ಕಲಿಸಿದ ಮೇಷ್ಟ್ರಿಗೆ, ತಬಲಾದವರಿಗೆ ಕೊಡಬೇಕು. ಇಷ್ಟೆಲ್ಲ ಆದರೂ ನೋಡುವವರಿಗೆ ಟಿಕೆಟ್ ಇಲ್ಲ. ಊರಿಗೆ ಊರೇ ಚಾಪೆ ಹಾಸಿಕೊಂಡು ಬೆಳಗಿನ ಜಾವದವರೆಗೆ ಕುಳಿತು ನೋಡುತ್ತದೆ. ಈ ವೆಚ್ಚವನ್ನು ಭರಿಸುವವರು ತೆಂಗಿನ ತೋಟದ ರೈತರು, ಅಂಗಡಿಯವರು, ಬಸ್ಸಿನ ಕಂಡಕ್ಟರುಗಳು, ನಮ್ಮಂತಹ ಮೇಷ್ಟ್ರುಗಳು. ಯಾರ ಮುಂದೆಯೂ ಕೈ ಚಾಚದೆ ಒಂದು ಕಲೆಯನ್ನು ಇಷ್ಟು ಕಾಲ ಉಳಿಸಿಕೊಂಡು ಬಂದಿರುವುದು ಸಾಮಾನ್ಯ ಸಂಗತಿಯಲ್ಲ.

ಹಾಗಾದರೆ ಕೊರತೆ ಎಲ್ಲಿದೆ? ಹಣ ಕೇಳುವುದರಲ್ಲಿ ಕೊರತೆಯಿಲ್ಲ. ಕಂಠವನ್ನು ಕೇಳುವ ಮೊದಲೇ ಹಣ ಕೇಳುವುದರಲ್ಲಿದೆ.

ನನ್ನಲ್ಲಿ ಓದುತ್ತಿದ್ದ ಒಬ್ಬ ಹುಡುಗನಿದ್ದ. ಹೆಸರು ಬೇಡ. ತಂದೆ ಇತರರ ತೋಟಗಳಲ್ಲಿ ಕಾಯಿ ಕೆಡವುವ ಕೆಲಸ ಮಾಡುತ್ತಿದ್ದರು. ಪ್ರಾರ್ಥನೆಯ ವೇಳೆ ಅವನು ದನಿ ಎತ್ತಿದರೆ ರಸ್ತೆಯಲ್ಲಿ ಹೋಗುವವರು ನಿಲ್ಲುತ್ತಿದ್ದರು. ದೊಡ್ಡವನಾದ ಮೇಲೆ, ನಮ್ಮ ಹೋಬಳಿಯ ಒಂದು ಊರಿನಲ್ಲಿ ನಾಟಕಕ್ಕೆ ಸಿದ್ಧತೆ ನಡೆದಾಗ, ಕೃಷ್ಣನ ಪಾತ್ರ ಕೇಳಲು ಹೋದ. ಅವನು ಹಾಡುವ ಮೊದಲೇ ದರ ಹೇಳಿದರು. ಅವನು ಸುಮ್ಮನೆ ಹಿಂದಿರುಗಿದ. ನಾಟಕದ ರಾತ್ರಿ ಅವನೇ ಪರದೆಯ ಹಿಂದೆ ನಿಂತು, ಪದ್ಯ ಮರೆತ ಕೃಷ್ಣನಿಗೆ ಸಾಲುಗಳನ್ನು ಹೇಳಿಕೊಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ತಾಲೀಮಿನ ದಿನಗಳಲ್ಲಿ ಕಿಟಕಿಯ ಹೊರಗೆ ನಿಂತು ಕೇಳಿಯೇ ಅವನಿಗೆ ಇಡೀ ನಾಟಕ ಬಾಯಿಪಾಠವಾಗಿತ್ತು. ಆ ರಾತ್ರಿ ಊರು ಕಳೆದುಕೊಂಡದ್ದೇನೆಂಬುದು ಊರಿಗೇ ತಿಳಿಯಲಿಲ್ಲ.

ನಾವು ಕೊಬ್ಬರಿಯ ನಾಡಿನವರು. ಕಾಯಿಯನ್ನು ವರ್ಷದ ಹತ್ತಿರ ಹತ್ತಿರ ಅಟ್ಟದ ಮೇಲಿಟ್ಟು, ನೀರು ಇಂಗಿತೋ ಇಲ್ಲವೋ ಎಂದು ಕಿವಿಯ ಬಳಿ ಅಲುಗಿಸಿ ನೋಡಿ, ಒಳಗೆ ಕೊಬ್ಬರಿ ಗಿಟುಕಾಗಿ ಸದ್ದು ಮಾಡಿದರೆ ಮಾತ್ರ ಸುಲಿಯುತ್ತೇವೆ. ತಿಪಟೂರಿನ ಮಾರುಕಟ್ಟೆಯಲ್ಲಿ ಬಣ್ಣ, ಗಾತ್ರ, ಒಣಗಿದ ಹದ ನೋಡದೆ ಯಾವ ವ್ಯಾಪಾರಿಯೂ ಬೆಲೆ ಬರೆಯುವುದಿಲ್ಲ. ಕಾಯಿಗೆ ಸಲ್ಲುವ ಈ ಪರೀಕ್ಷೆ ಕೃಷ್ಣನಿಗೆ ಏಕೆ ಸಲ್ಲಬಾರದು?

ಪರೀಕ್ಷೆ ನಮ್ಮ ರಂಗಭೂಮಿಗೆ ಹೊಸದೇನೂ ಅಲ್ಲ. ನಾನು ಮೊದಲು ಬಣ್ಣ ಹಚ್ಚಿದ್ದು 1974ರಲ್ಲಿ. ನಮಗೆ ಕಲಿಸಿದ ಮೇಷ್ಟ್ರು ಹಳೆಯ ಕಂಪನಿ ನಾಟಕಗಳನ್ನು ಕಂಡು ಬೆಳೆದವರು. ದೇವಸ್ಥಾನದ ಪ್ರಾಕಾರದಲ್ಲಿ ಲಾಟೀನು ಹಚ್ಚಿ, ಹಾರ್ಮೋನಿಯಂನ ಒಂದು ಮನೆಯನ್ನು ಒತ್ತಿ ಹಿಡಿದು, “ಇಲ್ಲಿ ನಿಲ್ಲಪ್ಪಾ” ಎನ್ನುವರು. ನಿಂತರೆ ಮುಂದಿನ ಮನೆ, ಮತ್ತೆ ಅದರ ಮುಂದಿನದು. ಕಂಠ ಎಲ್ಲಿ ಬಿರಿಯುತ್ತದೆ, ಎಲ್ಲಿ ಅರಳುತ್ತದೆ ಎಂಬುದು ಅವರಿಗೆ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. ಅನಂತರ ಒಂದು ಕಂದಪದ್ಯವನ್ನು ಹೇಳಿಕೊಟ್ಟು, ಮರುದಿನ ಒಪ್ಪಿಸಲು ಹೇಳುವರು. ಕೊನೆಗೆ ನಾಲ್ಕು ಮಾತು ಆಡಿಸಿ, ಅಂಗಳದ ಆಚೆ ಕುಳಿತ ಅಜ್ಜಿಗೆ ಕೇಳಿಸಿತೇ ಎಂದು ವಿಚಾರಿಸುವರು. ನನಗೆ ಅವರು ಕೊಟ್ಟದ್ದು ವಿದುರನ ಪಾತ್ರ. “ಮೇಷ್ಟ್ರೇ, ನಿಮ್ಮ ದನಿಯಲ್ಲಿ ಬುದ್ಧಿವಾದ ಚೆನ್ನಾಗಿ ಕೂರುತ್ತದೆ, ಗದೆ ಕೂರುವುದಿಲ್ಲ” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಾರಣ ತಿಳಿದ ಮೇಲೆ ಅಸಮಾಧಾನಕ್ಕೆ ಎಡೆಯಿರಲಿಲ್ಲ.

ಮುಂದೆ ತರಬೇತಿಯೊಂದರ ಸಲುವಾಗಿ ಬೆಂಗಳೂರಿನಲ್ಲಿ ಕೆಲಕಾಲ ಇರಬೇಕಾಗಿ ಬಂದಾಗ ಎರಡು ಹವ್ಯಾಸಿ ತಂಡಗಳ ಆಯ್ಕೆಗೆ ಹೋಗಿದ್ದೆ. ಅಲ್ಲಿ ಪಾತ್ರಕ್ಕೆ ದರವಿರಲಿಲ್ಲ. ಒಂದು ತಂಡದ ನಿರ್ದೇಶಕರು ಒಂದೇ ಪುಟವನ್ನು ಮೂರು ಬಗೆಯಾಗಿ ಓದಿಸಿ, ನನಗೆ ನಾಲ್ಕು ಮಾತಿನ ಕಾವಲುಗಾರನ ಪಾತ್ರ ಕೊಟ್ಟು, ಏಕೆಂದು ವಿವರಿಸಿದರು. ಇನ್ನೊಂದು ತಂಡದಲ್ಲಿ ಮೂವತ್ತು ಜನರನ್ನು ಸಂಜೆಯವರೆಗೆ ಓದಿಸಿದರು. ಮುಖ್ಯ ಪಾತ್ರಗಳೆಲ್ಲ ಹಿಂದಿನ ವಾರವೇ ಸ್ನೇಹಿತರೊಳಗೆ ಹಂಚಿಹೋಗಿದ್ದವೆಂದು ಆಮೇಲೆ ತಿಳಿಯಿತು. ಆದ್ದರಿಂದ ನಗರದ್ದೆಲ್ಲ ನ್ಯಾಯ, ಹಳ್ಳಿಯದೆಲ್ಲ ಅನ್ಯಾಯ ಎಂದು ನಾನು ಹೇಳುತ್ತಿಲ್ಲ. ಒಂದು ಕಡೆ ಹಣ, ಇನ್ನೊಂದು ಕಡೆ ಪರಿಚಯ. ಎರಡೂ ಕಡೆ ಕಿವಿಗೆ ಕೆಲಸವಿಲ್ಲ.

ನಮ್ಮ ನೆರೆಯ ತಾಲ್ಲೂಕಿನ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಕಂಪನಿಯನ್ನು ಇಲ್ಲಿ ನೆನೆಯಲೇಬೇಕು. ಗುಬ್ಬಿ ವೀರಣ್ಣನವರು ಅದರ ಒಡೆಯರಾಗಿದ್ದವರು. ಬಯಸಿದ್ದರೆ ಯಾವ ರಾಜನ ಪಾತ್ರವನ್ನಾದರೂ ತಾವೇ ಇಟ್ಟುಕೊಳ್ಳಬಹುದಿತ್ತು. ಆದರೆ ನಾಡು ಅವರನ್ನು ಮುಖ್ಯವಾಗಿ ನೆನೆಯುವುದು ‘ಸದಾರಮೆ’ಯ ಕಳ್ಳನಾಗಿ. ತನಗೆ ಒಪ್ಪುವ ಪಾತ್ರ ಯಾವುದೆಂದು ತಿಳಿದವನಿಗೆ ಕಿರೀಟದ ಹಂಗಿಲ್ಲ. ಬಾಲಕರಾಗಿದ್ದಾಗ ರಾಜ್‌ಕುಮಾರ್, ಬಿ.ವಿ. ಕಾರಂತರಂತಹವರೂ ಆ ಕಂಪನಿಯಲ್ಲಿ ಬಣ್ಣ ಹಚ್ಚಿದರು. ಅವರು ಬಡವರ ಮನೆಯ ಮಕ್ಕಳು. ಅಂದು ಬಾಗಿಲಲ್ಲೇ ಪಾತ್ರದ ದರ ಕೇಳಿದ್ದರೆ ಕನ್ನಡಕ್ಕೆ ಎಷ್ಟು ನಷ್ಟವಾಗುತ್ತಿತ್ತೆಂದು ಯೋಚಿಸಿ.

ಇಂದಿಗೂ ಬೇರೆ ದಾರಿಗಳಿವೆ. ಕೆ.ವಿ. ಸುಬ್ಬಣ್ಣನವರು ಕಟ್ಟಿದ ಹೆಗ್ಗೋಡಿನ ನೀನಾಸಮ್‌ನಲ್ಲಿ 1980ರಿಂದ ರಂಗಶಿಕ್ಷಣ ನಡೆಯುತ್ತಿದೆ. ಅಲ್ಲಿಗೆ ಸೇರುವವರನ್ನು ಸಂದರ್ಶಿಸಿ ಆರಿಸುತ್ತಾರೆ. ನಮಗೆ ಇನ್ನೂ ಹತ್ತಿರದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1997ರಲ್ಲಿ ಆರಂಭವಾದ ಶಿವಸಂಚಾರ ತಂಡ ಊರೂರು ತಿರುಗಿ ನಾಟಕವಾಡುತ್ತಿದೆ. ಹಳ್ಳಿಯ ಹುಡುಗರು, ಹುಡುಗಿಯರು ಅಲ್ಲಿ ಕಲಿತು ನಟರಾಗುತ್ತಿದ್ದಾರೆ. ಅವುಗಳನ್ನು ನಾವು ಹಾಗೆಯೇ ಅನುಕರಿಸಬೇಕಾಗಿಲ್ಲ. ನಮ್ಮ ‘ಕುರುಕ್ಷೇತ್ರ’ ನಮ್ಮದಾಗಿಯೇ ಇರಲಿ.

ನನ್ನ ಸಲಹೆ ಸರಳವಾದುದು. ನಾಟಕವಾಡುವುದೆಂದು ನಿಶ್ಚಯಿಸಿದ ದಿನ ಹಣದ ಮಾತು ಬೇಡ. ಆಸೆಯುಳ್ಳವರೆಲ್ಲ ದೇವಸ್ಥಾನದ ಮುಂದೆ ಸೇರಲಿ. ಮೇಷ್ಟ್ರು ಎಲ್ಲರ ಎದುರಿಗೇ ಪ್ರತಿಯೊಬ್ಬರಿಂದ ಒಂದು ಪದ್ಯ, ನಾಲ್ಕು ಮಾತು ಹೇಳಿಸಲಿ. ಯಾರಿಗೆ ಯಾವುದು ಒಪ್ಪುತ್ತದೆ, ಏಕೆ ಒಪ್ಪುತ್ತದೆ ಎಂದು ಅವರೇ ಬಾಯಿಬಿಟ್ಟು ಹೇಳಲಿ. ಪಾತ್ರ ಹಂಚಿಕೆ ಮುಗಿದ ಮೇಲೆ, ಇನ್ನೊಂದು ದಿನ, ಒಟ್ಟು ವೆಚ್ಚವನ್ನು ಮುಂದಿಟ್ಟುಕೊಂಡು ಅವರವರ ಶಕ್ತಿಯಂತೆ ಹಂಚಿಕೊಳ್ಳಲಿ. ಹೆಚ್ಚು ಕೊಟ್ಟವರ ಹೆಸರನ್ನು ಕರಪತ್ರದ ತಲೆಯಲ್ಲೇ ಅಚ್ಚು ಹಾಕಿಸಿ, ರಂಗದ ಮೇಲೆ ಕರೆದು ಹಾರ ಹಾಕಲಿ.

“ದುರ್ಯೋಧನನ ಪಾತ್ರ ಸಿಗದಿದ್ದರೆ ಸಾಹುಕಾರರು ಹಣ ಬಿಚ್ಚುತ್ತಾರೆಯೇ, ಮೇಷ್ಟ್ರೇ?” ಎಂದು ನೀವು ಕೇಳುವುದು ನನಗೆ ಗೊತ್ತು. ತೇರಿಗೆ ಹಣ ಕೊಟ್ಟವರು ತೇರಿನ ಮೇಲೆ ಕೂರುತ್ತೇನೆಂದು ಹಟ ಹಿಡಿಯುವುದಿಲ್ಲ; ಅಲ್ಲಿ ಕೂರುವವನು ದೇವರೆಂದು ಅವರಿಗೆ ಗೊತ್ತಿದೆ. ಮಿಣಿ ಹಿಡಿದು ಎಳೆಯುವುದರಲ್ಲೂ ಅವರಿಗೆ ಸಂತೋಷವಿದೆ. ನಾಟಕವನ್ನೂ ಅದೇ ಭಕ್ತಿಯಿಂದ ಕಾಣುವುದು ನಮ್ಮ ಜನಕ್ಕೆ ಅಸಾಧ್ಯವೆಂದು ನಾನು ನಂಬುವುದಿಲ್ಲ. ಮೊದಲ ವರ್ಷ ಒಬ್ಬಿಬ್ಬರು ಮುನಿಸಿಕೊಳ್ಳಬಹುದು, ವೆಚ್ಚ ಸ್ವಲ್ಪ ತಗ್ಗಿಸಬೇಕಾಗಬಹುದು, ಸೀನರಿ ಒಂದಿಷ್ಟು ಸರಳವಾಗಬಹುದು. ಆದರೆ ಪದ್ಯ ಮರೆಯದ, ಶ್ರುತಿ ತಪ್ಪದ ಕೃಷ್ಣನೊಬ್ಬ ರಂಗದ ಮೇಲೆ ನಿಂತರೆ, ಸೀನರಿಯನ್ನು ಯಾರು ನೋಡುತ್ತಾರೆ?

ನಿಮ್ಮಲ್ಲಿ ಕೆಲವರು ಇಂದು ಊರಿನ ಹಿರಿಯರಾಗಿದ್ದೀರಿ. ನಾಟಕ ಮಂಡಲಿಗಳಲ್ಲಿ ನಿಮ್ಮ ಮಾತು ನಡೆಯುತ್ತದೆ. ಬರುವ ಜಾತ್ರೆಗೆ ಪಾತ್ರ ಹಂಚಲು ಕುಳಿತಾಗ, ಬಾಗಿಲ ಬಳಿ ಸಂಕೋಚದಿಂದ ನಿಂತ ಹುಡುಗನೊಬ್ಬ ಕಂಡರೆ, ಜೇಬಿನಲ್ಲಿ ಎಷ್ಟಿದೆಯೆಂದು ಕೇಳಬೇಡಿ. ಒಳಗೆ ಕರೆದು, ಒಂದು ಪದ್ಯ ಹೇಳಪ್ಪಾ ಎನ್ನಿ.