ಇರುವುದನ್ನು ಕಾಣುವ ಕಣ್ಣು

ಮಾಯಸಂದ್ರದ ಸುತ್ತಣ ತೆಂಗಿನ ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡುವ ಕ್ರಮ ಎಲ್ಲರಿಗೂ ವಿದಿತವಾದುದೇ. ಬಲಿತ ಕಾಯಿಗಳನ್ನು ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಕಾಯುತ್ತಾರೆ. ಒಳಗಿನ ನೀರು ಬತ್ತಿ ತಿರುಳು ಚಿಪ್ಪನ್ನು ಬಿಟ್ಟಿತೇ ಎಂಬುದನ್ನು ಹೊರಗಣ ಸಿಪ್ಪೆ ಹೇಳದು. ಅಲುಗಿಸಿ ಕಿವಿಗೊಟ್ಟವನಿಗೇ ಅದು ತಿಳಿಯುವುದು. ಕಾಯಿಯ ವಿಷಯದಲ್ಲಿ ಇಷ್ಟೊಂದು ತಾಳ್ಮೆಯುಳ್ಳ ಜನ, ಬುದ್ಧಿಯ ಬೆಳವಣಿಗೆ ನಿಧಾನವಾದ ಮಗುವಿನ ವಿಷಯದಲ್ಲಿ ಮಾತ್ರ ಒಂದೇ ನೋಟಕ್ಕೆ ತೀರ್ಪು ಕೊಟ್ಟುಬಿಡುವುದು ವಿಷಾದದ ಸಂಗತಿ.

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಬೌದ್ಧಿಕ ನ್ಯೂನತೆ, ಆಟಿಸಂ ಮೊದಲಾದವನ್ನೊಳಗೊಂಡು 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ನ್ಯೂನತೆಯು ಶೇಕಡ 40ಕ್ಕೆ ಕಡಿಮೆಯಿಲ್ಲದ ಮಕ್ಕಳಿಗೆ 6ರಿಂದ 18ರ ವಯಸ್ಸಿನವರೆಗೆ ಉಚಿತ ಶಿಕ್ಷಣದ ಹಕ್ಕನ್ನಿತ್ತಿದೆ. ಆದರೆ ವೈದ್ಯರ ಪ್ರಮಾಣಪತ್ರವು ಅಳೆಯುವುದು ಇಲ್ಲದಿರುವುದನ್ನು. ಇರುವುದನ್ನು ಬರೆದಿಡಬೇಕಾದವರು ಉಪಾಧ್ಯಾಯರು ಮತ್ತು ತಾಯಿತಂದೆಗಳು.

ಮಾತು ಕಡಿಮೆಯಾದ ಬಾಲಕನೊಬ್ಬನಿಗೆ ಸೂಕ್ಷ್ಮ ವ್ಯತ್ಯಾಸಗಳನ್ನು ಗುರುತಿಸುವ ಕಣ್ಣಿರಬಹುದು. ಕಾಯಿಗಳನ್ನು ಗಾತ್ರವರಿತು ವಿಂಗಡಿಸಬಲ್ಲನು. ಕೇಳಿ ಕಲಿಯಲಾರದ ಬಾಲಕಿ ಕಂಡು ಕಲಿಯಬಲ್ಲಳು. ಹಂತಹಂತವಾಗಿ ತೋರಿಸಿದರೆ ನಾರಿನ ಹಗ್ಗ ಹೊಸೆಯಬಲ್ಲಳು. ಹನ್ನೆರಡನೆಯ ಶತಮಾನದ ನುಲಿಯ ಚಂದಯ್ಯನವರ ಕಾಯಕವೂ ಹಗ್ಗ ಹೊಸೆಯುವುದೇ ಆಗಿತ್ತು. ಶರಣರು ಅದನ್ನು ಕೀಳೆಂದು ಎಣಿಸಲಿಲ್ಲ. ಎಲ್ಲರಿಗೂ ಒಂದೇ ಶಕ್ತಿಯಿರುವುದಿಲ್ಲ. ಒಬ್ಬನಿಗೆ ಲೆಕ್ಕ, ಒಬ್ಬಳಿಗೆ ರಾಗ, ಮತ್ತೊಬ್ಬರಿಗೆ ದನಕರುಗಳ ಮೇಲಣ ಅಕ್ಕರೆ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಶಕ್ತಿಯನ್ನು ಗುರುತಿಸುವುದೆಂದರೆ ಕೂಲಿಯಿಲ್ಲದ ಆಳೊಬ್ಬನನ್ನು ಸಂಪಾದಿಸಿಕೊಳ್ಳುವುದಲ್ಲ. ಶಾಲೆಯಲ್ಲಿರುವಷ್ಟು ಕಾಲ ಅದು ಕಲಿಕೆ. ಪ್ರಾಯಕ್ಕೆ ಬಂದು ದುಡಿದವನಿಗೆ ದುಡಿಮೆಯ ಬೆಲೆ ಸಲ್ಲಲೇಬೇಕು. ಇನ್ನೊಂದು, ಯಾವ ಕೆಲಸವನ್ನೂ ಮಾಡಲಾರದ ಮಗುವಿನ ಗೌರವವೂ ಇತರರ ಗೌರವಕ್ಕೆ ಎಳ್ಳಷ್ಟೂ ಕಡಿಮೆಯದಲ್ಲ. ಮನುಷ್ಯನ ಬೆಲೆ ಅವನ ಗಳಿಕೆಯಿಂದ ನಿಷ್ಕರ್ಷೆಯಾಗತಕ್ಕದ್ದಲ್ಲ.

‘ನಾವು ಕಣ್ಮುಚ್ಚಿದ ಮೇಲೆ ಇವನ ಗತಿಯೇನು?’ ಎಂಬುದು ಇಂತಹ ಮಕ್ಕಳ ಹೆತ್ತವರನ್ನು ಇರುಳೆಲ್ಲ ಕಾಡುವ ಚಿಂತೆ. ಇದಕ್ಕೆ ಉತ್ತರವನ್ನು ಹದಿನೆಂಟು ತುಂಬಿದ ಮೇಲೆ ಹುಡುಕಹೊರಟರೆ ತಡವಾಗುತ್ತದೆ. ಪ್ರತಿಯೊಂದು ಶಾಲೆಯೂ ಇಂತಹ ವಿದ್ಯಾರ್ಥಿಗೆ ಒಂದು ಪುಸ್ತಕವನ್ನು ತೆರೆದು, ಅವನು ಇಂದು ಏನನ್ನು ಮಾಡಿದನು, ಯಾವುದರಲ್ಲಿ ಮನಸ್ಸಿಟ್ಟನು, ಎಷ್ಟು ನೆರವನ್ನು ಬೇಡಿದನು ಎಂಬುದನ್ನು ಬರೆದಿಡಲಿ. ಶಾಲೆ ಬಿಡುವಾಗ ಅಂಕಪಟ್ಟಿಯೊಡನೆ ಆ ಪುಸ್ತಕವೂ ಮನೆಗೆ ಹೋಗಲಿ. ‘ಇವನಿಗೇನೂ ಬಾರದು’ ಎಂದು ಊರು ಹೇಳುವಾಗ, ‘ಇಷ್ಟು ಬರುತ್ತದೆ’ ಎಂದು ಓದಿ ತೋರಿಸಲು ತಾಯಿಯ ಕೈಯಲ್ಲಿ ಒಂದು ಆಧಾರವಾದರೂ ಇದ್ದೀತು.